‘ಟಕ್ ಟಕ್’ ಎಂದ ಮಾತ್ರಕ್ಕೆ ಲಾರಿ ಎಂಜಿನ್ ಬಿಚ್ಚಿಸಬೇಡಿ

ಮಾನ್ಯ ಸಂಪಾದಕರೇ,

ಗಂಗಾವತಿ, ಕಾರಟಗಿ, ಸಿರುಗುಪ್ಪದ ಕಡೆ ಭತ್ತದ ಕೊಯ್ಲು ಶುರುವಾಗುವ ಹದಿನೈದು ದಿನ ಮೊದಲೇ ನಮ್ಮಂಥವರ ಶೆಡ್ಡಿನ ಮುಂದೆ ಹಳೆಯ ಲಾರಿಗಳು ಸಾಲುಗಟ್ಟುತ್ತವೆ. ಹೊಲದ ಬದಿಯಲ್ಲಿ, ರೈಸ್ ಮಿಲ್ಲಿನ ಕಾಂಪೌಂಡಿನ ಮೂಲೆಯಲ್ಲಿ ವರ್ಷಗಟ್ಟಲೆ ನಿಂತುಬಿಟ್ಟ ಗಾಡಿಗಳನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತರುತ್ತಾರೆ. ಕೊಯ್ಲಿನ ನಾಲ್ಕು ವಾರ ಬಾಡಿಗೆ ಚೆನ್ನಾಗಿ ಸಿಗುತ್ತದೆ, ಅಷ್ಟು ದಿನ ಓಡಿದರೂ ಸಾಲದ ಒಂದು ಕಂತು ತೀರುತ್ತದೆ ಎಂಬ ಲೆಕ್ಕ ಅವರದು. ಅವಸರದಲ್ಲಿ ಎಂಜಿನ್ ಚಾಲೂ ಮಾಡುತ್ತಾರೆ, ಒಳಗಿನಿಂದ ಟಕ್ ಟಕ್ ಸದ್ದು ಬರುತ್ತದೆ, ಎದೆ ಒಡೆದುಕೊಳ್ಳುತ್ತಾರೆ. ಆ ಭಯದಲ್ಲಿ ತೆಗೆದುಕೊಂಡ ತೀರ್ಮಾನದಿಂದ ನಮ್ಮ ಭಾಗದ ಸಣ್ಣ ಲಾರಿ ಮಾಲೀಕರು ಕಳೆದುಕೊಳ್ಳುತ್ತಿರುವ ಹಣವನ್ನು ಕಣ್ಣಾರೆ ನೋಡಿ ತಡೆಯಲಾರದೆ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

ಕಳೆದ ತಿಂಗಳು ಕಾರಟಗಿ ಸಮೀಪದ ಹಳ್ಳಿಯೊಂದರಿಂದ ತಾಯಿ ಮಗ ಬಂದಿದ್ದರು. ಟಾಟಾ 1613, ಆರು ಸಿಲಿಂಡರ್ ಗಾಡಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಅದಿರಿನ ಲಾರಿಗಳು ಸಿಕ್ಕ ಬೆಲೆಗೆ ಮಾರಾಟವಾದವಲ್ಲ, ಆಗ ಈ ತಾಯಿಯ ಗಂಡ ಕೊಂಡದ್ದು. ಆತ ತೀರಿಕೊಂಡು ನಾಲ್ಕು ವರ್ಷ. ಅಂದಿನಿಂದ ಲಾರಿ ಬೇವಿನ ಮರದಡಿ ನಿಂತೇ ಇತ್ತು. ಈಗ ಮಗನಿಗೆ ಲೈಸೆನ್ಸ್ ಆಗಿದೆ, ಓಡಿಸುವ ಆಸೆ. ಬೇರೆ ಗಾಡಿಯ ಬ್ಯಾಟರಿಯಿಂದ ವೈರ್ ಎಳೆದು ಎರಡು ಸಲ ಚಾಲೂ ಮಾಡಿದ್ದಾನೆ. ಸದ್ದು ಕೇಳಿ ಒಂದು ಕಡೆ ತೋರಿಸಿದ್ದಾನೆ. ಅಲ್ಲಿ ಬಾನೆಟ್ ಕೂಡ ಎತ್ತದೆ, “ಬೇರಿಂಗ್ ಹೋಗಿದೆ, ಫುಲ್ ಎಂಜಿನ್ ಮಾಡಬೇಕು, ಒಂದೂವರೆ ಲಕ್ಷ ಇಟ್ಟುಕೊಳ್ಳಿ” ಎಂದಿದ್ದಾರೆ. ತಾಯಿ ಒಂದು ಎಕರೆ ಒತ್ತೆ ಇಡುವ ಮಾತು ಆಡಿ ಮುಗಿಸಿಯೇ ನನ್ನ ಹತ್ತಿರ ಬಂದಿದ್ದರು. ಕೊನೆಯದಾಗಿ ಇನ್ನೊಬ್ಬರ ಬಾಯಲ್ಲಿ ಕೇಳೋಣ ಎಂದು ಬಂದದ್ದು, ಅಷ್ಟೇ.

“ಚಾಲೂ ಮಾಡಿ ತೋರಿಸಲಾ ಅಣ್ಣಾ?” ಎಂದು ಹುಡುಗ ಕೀಲಿಗೆ ಕೈ ಹಾಕಿದ. ಬೇಡ ಎಂದೆ. ನಾಲ್ಕು ವರ್ಷ ನಿಂತ ಎಂಜಿನ್ನಿನ ಬೇರಿಂಗ್‌ಗಳಲ್ಲಿ ಎಣ್ಣೆಯ ಪದರ ಬಹುಪಾಲು ಇಳಿದುಹೋಗಿರುತ್ತದೆ. ಒಣ ಲೋಹದ ಮೇಲೆ ಒಣ ಲೋಹ ತಿರುಗಿದ ಮೊದಲ ಅರ್ಧ ನಿಮಿಷದಲ್ಲಿ ಆಗುವ ಸವೆತ ಸಣ್ಣದಲ್ಲ.

ಗೇಜ್ ಕಡ್ಡಿ ಎಳೆದು ನೋಡಿದೆ. ಕೆಳಗಿನ ಗೆರೆಗಿಂತಲೂ ಕೆಳಗೆ ಎಣ್ಣೆ. ಅದೂ ಕಪ್ಪು ಜೋನಿಬೆಲ್ಲದ ಹಾಗೆ ಕಡ್ಡಿಗೆ ಅಂಟಿಕೊಂಡು ಇಳಿಯಲೇ ಒಲ್ಲದು. ಏರ್ ಕ್ಲೀನರ್ ಬಿಚ್ಚಿದರೆ ಒಳಗೆ ಭತ್ತದ ಹುಲ್ಲಿನಿಂದ ಇಲಿ ಗೂಡು ಕಟ್ಟಿತ್ತು. ಗೂಡಿನ ಕೆಳಗೆ ಇನ್ನೂ ಸಂಡೂರಿನ ಕೆಂಪು ಧೂಳು. ಆ ಧೂಳನ್ನು ನಮ್ಮ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ, ನನಗೆ ಅದರ ಮೇಲೆ ಸಿಟ್ಟಿದೆ. ಗಾಜು, ಚಿನ್ನಕ್ಕೆ ಹೊಳಪು ಕೊಡಲು ಉಜ್ಜುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ. ನಮ್ಮ ಅದಿರಿನ ಧೂಳು ಅದೇ ಜಾತಿಯದು. ಗಾಳಿಯ ಜೊತೆ ಅದು ಸಿಲಿಂಡರಿನೊಳಗೆ ಹೋದರೆ, ಎಣ್ಣೆಯಲ್ಲಿ ಬೆರೆತರೆ, ರಿಂಗ್, ಬೇರಿಂಗ್, ವಾಲ್ವನ್ನು ಒತ್ತಿ ತೆರೆಯುವ ರಾಕರ್ ಎಲ್ಲವನ್ನೂ ಹಗಲೂ ರಾತ್ರಿ ಉಜ್ಜುತ್ತಲೇ ಇರುತ್ತದೆ. ಗಣಿ ಕಾಲದಲ್ಲಿ ಲಾರಿಗಳಿಗೆ ಆಯಿಲ್ ಬದಲಿಸಲೂ ಬಿಡುವಿರಲಿಲ್ಲ. ಕಡಿಮೆಯಾದಷ್ಟು ಮೇಲೆ ಸುರಿದು ಓಡಿಸುತ್ತಿದ್ದರು. ಆ ಪಾಪವನ್ನು ಈ ಎಂಜಿನ್‌ಗಳು ಇವತ್ತಿಗೂ ಹೊರುತ್ತಿವೆ.

ಎಂಜಿನ್ನಿನ ತಳದ ಎಣ್ಣೆ ತೊಟ್ಟಿ, ಅಂದರೆ ಚೇಂಬರಿನ ಬೋಲ್ಟ್ ಬಿಚ್ಚಿ ಎಣ್ಣೆ ಇಳಿಸಿದೆ. ಮೊದಲ ಧಾರೆಯನ್ನು ಬಿಳಿ ಬಟ್ಟೆಯ ಮೇಲೆ ಹಿಡಿದು ಬಿಸಿಲಿಗೆ ಒಯ್ದು ತಿರುಗಿಸಿ ತಿರುಗಿಸಿ ನೋಡಿದೆ. ಹಳೆಯ ಫಿಲ್ಟರನ್ನು ಕೊಯ್ದು ಅದರ ಮಡಿಕೆಗಳನ್ನೂ ಬಿಡಿಸಿ ನೋಡಿದೆ. ಬೇರಿಂಗ್ ಕಿತ್ತುಹೋಗುತ್ತಿದ್ದರೆ ಅಲ್ಲಿ ತಾಮ್ರದ ಬಣ್ಣದ ಚೂರು, ಬೆಳ್ಳಿಯಂಥ ಹೊಟ್ಟು ಮಿನುಗುತ್ತದೆ. ಕೆಸರು ಬೇಕಾದಷ್ಟಿತ್ತು, ಮಿನುಗು ಇರಲಿಲ್ಲ. ಅರ್ಧ ಭಯ ಅಲ್ಲಿಗೇ ಹೋಯಿತು.

ಆಗ ತಾಯಿಯನ್ನು ಕೇಳಿದೆ: “ಅಮ್ಮಾ, ನಿಮ್ಮ ಯಜಮಾನರು ಓಡಿಸುವಾಗ ಈ ಸದ್ದು ಇತ್ತಾ?” ಆಕೆ ತಟ್ಟನೆ ಹೇಳಿದರು: “ಇತ್ತಪ್ಪಾ. ಅವರು ರಾತ್ರಿ ಊರೊಳಗೆ ಬರುವಾಗ ಅಗಸೆ ಬಾಗಿಲಿನ ಹತ್ತಿರ ಗಾಡಿ ನಿಧಾನ ಆಗುತ್ತಿತ್ತು. ಆಗ ಆ ಟಕ್ ಟಕ್ ಕೇಳಿಸಿದರೆ ಎದ್ದು ಅನ್ನಕ್ಕೆ ಇಡುತ್ತಿದ್ದೆ. ತೀರಿಕೊಳ್ಳುವುದಕ್ಕೆ ಎರಡು ವರ್ಷ ಮೊದಲಿನಿಂದಲೂ ಇತ್ತು.” ಸಂಪಾದಕರೇ, ಎಂಜಿನ್ ವಿಷಯದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಪಿಸ್ಟನ್ನನ್ನು ಕೆಳಗಿನ ದಂಡಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಬಡಿಯಲು ಶುರುವಾದರೆ ಲೋಡ್ ಗಾಡಿ ಎರಡು ವರ್ಷ ಹಾಗೆಯೇ ಓಡಲು ಸಾಧ್ಯವೇ ಇಲ್ಲ. ಆಕೆಯನ್ನು ಅದುವರೆಗೆ ಯಾರೂ ಒಂದು ಮಾತು ಕೇಳಿರಲಿಲ್ಲ.

ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿದೆವು. ಮುಂದಿನ ಪುಲ್ಲಿಗೆ ಪಾನಾ ಕೊಟ್ಟು ಎಂಜಿನ್ನನ್ನು ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿದೆವು, ಎಲ್ಲೂ ಹಿಡಿಯಲಿಲ್ಲ. ಟ್ಯಾಂಕಿನ ಹಳೆಯ ಡೀಸೆಲ್ ಇಳಿಸಿದೆವು. ಆಮೇಲೆ ಸ್ಟಾಪ್ ಕೇಬಲ್ ಎಳೆದು ಹಿಡಿದು, ಡೀಸೆಲ್ ಹೋಗದ ಹಾಗೆ ಮಾಡಿ, ನಡುನಡುವೆ ಬಿಡುವು ಕೊಡುತ್ತ ಸೆಲ್ಫ್ ಹೊಡೆದೆವು. ಆಯಿಲ್ ಗೇಜಿನ ಮುಳ್ಳು ಮೇಲೆದ್ದದ್ದು ಕಂಡ ಮೇಲೆಯೇ ಕೇಬಲ್ ಬಿಟ್ಟದ್ದು. ಎಂಜಿನ್ ಚಾಲೂ ಆಯಿತು, ಸದ್ದೂ ಬಂತು.

ಈ ಸದ್ದನ್ನು ಹೇಗೆ ಓದಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಈ ಪತ್ರದ ಜೀವ ಅಲ್ಲೇ ಇದೆ. ನಮ್ಮ ಲಾರಿಗಳದು ನಾಲ್ಕು ಸ್ಟ್ರೋಕಿನ ಎಂಜಿನ್. ಪಿಸ್ಟನ್ನುಗಳು ತಿರುಗಿಸುವ ಕೆಳಗಿನ ದಂಡ ಕ್ರ್ಯಾಂಕ್, ವಾಲ್ವುಗಳನ್ನು ಏಳಿಸುವ ದಂಡ ಕ್ಯಾಮ್. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಆಕ್ಸಿಲರೇಟರ್ ಮುಟ್ಟದೆ ಎಂಜಿನ್ ನಿಮಿಷಕ್ಕೆ 600 ಸುತ್ತಿನಲ್ಲಿ ಓಡುತ್ತಿದ್ದರೆ ಕ್ರ್ಯಾಂಕ್ ಸೆಕೆಂಡಿಗೆ 10 ಸಲ, ಕ್ಯಾಮ್ 5 ಸಲ ತಿರುಗುತ್ತದೆ. ರಾಕರಿಗೂ ವಾಲ್ವಿಗೂ ನಡುವಿನ ಸಂದನ್ನು ನಾವು ಟ್ಯಾಪೆಟ್ ಎನ್ನುತ್ತೇವೆ. ಒಂದು ಟ್ಯಾಪೆಟ್ ಸಡಿಲವಾಗಿದ್ದರೆ ಸದ್ದು ಸೆಕೆಂಡಿಗೆ ಐದೇ ಸಲ. ಬಳ್ಳಾರಿಯಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದರು ಇದನ್ನು ಲೆಕ್ಕದಲ್ಲಿ ಹೇಳಲಿಲ್ಲ. “ಮಡ್‌ಗಾರ್ಡಿನ ಮೇಲೆ ಒಂದು ಬೆರಳಿನಿಂದ ಆ ಸದ್ದಿಗೆ ತಾಳ ಹಾಕು” ಎನ್ನುತ್ತಿದ್ದರು. ಐದಕ್ಕೆ ಬೆರಳು ಜೊತೆ ಕೊಡುತ್ತದೆ. ಹತ್ತಕ್ಕೆ ಸೋತುಬಿಡುತ್ತದೆ. ಬೆರಳು ಸೋತರೆ ಸದ್ದು ಕ್ರ್ಯಾಂಕಿನ ಜೊತೆ ಹೋಗುತ್ತಿದೆ, ಕೆಳಗೆ ನೋಡು ಎಂದು ಅರ್ಥ. ಆದರೆ ಇದೊಂದನ್ನೇ ನಂಬಿ ಕೂರಬಾರದು. ಹೊಗೆ ಹೊರಹೋಗುವ ಸೈಲೆನ್ಸರ್ ಮ್ಯಾನಿಫೋಲ್ಡ್ ಸೋರಿದರೂ, ಡೀಸೆಲ್ ಚಿಮ್ಮಿಸುವ ಒಂದು ನಾಜಲ್ ಬಡಿದರೂ ತಾಳ ಐದೇ. ಬೇರಿಂಗ್ ಕೂಡ ಕೆಲವೊಮ್ಮೆ ಫೈರಿಂಗ್ ಹೊಡೆತಕ್ಕೆ ಮಾತ್ರ ಬಡಿದು ಮೋಸ ಮಾಡುತ್ತದೆ.

ಈ ಗಾಡಿಯಲ್ಲಿ ಕಿವಿಗೊಟ್ಟರೆ ಎರಡು ಸದ್ದು ಇದ್ದವು. ಒಂದು ‘ಚಸ್ ಚಸ್’ ಎಂದು ಗಾಳಿ ಸೇರಿದ ಟಿಕ್. ಇನ್ನೊಂದು ಹೆಂಚಿನ ಮೇಲೆ ಚಮಚ ಬಡಿದ ಹಾಗೆ ಒಣ ಟಕ್. ಹತ್ತು ನಿಮಿಷದಲ್ಲಿ ಎಂಜಿನ್ ಬಿಸಿಯಾಗುತ್ತಲೇ ಮೊದಲನೆಯದು ಸಣ್ಣದಾಯಿತು. ಕಬ್ಬಿಣ ಬಿಸಿಗೆ ಹಿಗ್ಗಿ ಸಂದು ಮುಚ್ಚಿಕೊಂಡಿತ್ತು. ಮ್ಯಾನಿಫೋಲ್ಡಿನ ಎರಡನೆಯ ಜಾಗದಲ್ಲಿ ಟಾರ್ಚ್ ಹಾಕಿ ನೋಡಿದರೆ ಹೆಡ್ಡಿನ ಮೇಲೆ ಕಾಡಿಗೆ ತೀಡಿದ ಹಾಗೆ ಮಸಿಯ ಗೆರೆ. ಗ್ಯಾಸ್ಕೆಟ್ ಸುಟ್ಟಿತ್ತು. ಇಂಥ ಸದ್ದು ಬೆಳಗಿನ ತಣ್ಣನೆ ಎಂಜಿನ್ನಿನಲ್ಲಿ ಮಾತ್ರ ಚೆನ್ನಾಗಿ ಸಿಗುತ್ತದೆ. ಗಾಡಿಯನ್ನು ಓಡಿಸಿಕೊಂಡು ಬಂದು ಬಿಸಿಯಲ್ಲಿ ತೋರಿಸಿದರೆ ಮಿಸ್ತ್ರಿಗೆ ಅದು ಕೇಳಿಸುವುದೇ ಇಲ್ಲ.

ಒಣ ಟಕ್ ಮಾತ್ರ ಹಾಗೇ ಉಳಿಯಿತು. ಮೂರಡಿ ಉದ್ದದ ಸರಳಿನ ಒಂದು ತುದಿಯನ್ನು ಎಂಜಿನ್ನಿಗೆ ಆನಿಸಿ, ಇನ್ನೊಂದು ತುದಿಯ ಮರದ ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿ ಕೇಳಿದೆ. (ಇದನ್ನು ಮಾಡುವವರು ಮೊದಲು ಹೆಗಲ ಮೇಲಿನ ಟವೆಲ್ ತೆಗೆದಿಡಿ, ತೋಳು ಮಡಚಿಕೊಳ್ಳಿ. ಫ್ಯಾನಿಗೆ ಬಟ್ಟೆ ಸಿಕ್ಕಿ ಕೈ ಕಳೆದುಕೊಂಡವರನ್ನು ನೋಡಿದ್ದೇನೆ.) ಚೇಂಬರಿನ ಮೇಲೆ ಇಟ್ಟರೆ ಸದ್ದು ದೂರದಲ್ಲೆಲ್ಲೋ ಇತ್ತು. ಟ್ಯಾಪೆಟ್ ಕವರಿನ ಹಿಂದಿನ ಅರ್ಧಕ್ಕೆ ಇಟ್ಟರೆ ಕಿವಿಯೊಳಗೇ ಹೊಡೆಯಿತು. ಆಮೇಲೆ ನಾಜಲ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಅರ್ಧ ಸುತ್ತು ಸಡಿಲಿಸಿ ನೋಡಿದೆ. ಆ ಸಿಲಿಂಡರ್ ಸತ್ತು ಎಂಜಿನ್ ಕುಂಟುತ್ತದೆ. ಬೇರಿಂಗ್ ಅಥವಾ ಪಿಸ್ಟನ್ನಿನ ಸದ್ದಾಗಿದ್ದರೆ ಆ ಸಿಲಿಂಡರಿಗೆ ಬಂದಾಗ ತಗ್ಗಬೇಕು. ಆರೂ ನಟ್ಟು ಮುಗಿದರೂ ಟಕ್ ಬದಲಾಗಲಿಲ್ಲ. ಈ ಪರೀಕ್ಷೆ ಹಳೆಯ ಮೈಕೋ ಡೀಸೆಲ್ ಪಂಪಿನ ಗಾಡಿಗಳಿಗೆ ಮಾತ್ರ, ಅದೂ ಕೆಲಸ ಬಲ್ಲವರ ಕೈಯಲ್ಲಿ ಮಾತ್ರ. ಭಾರಿ ಒತ್ತಡದಲ್ಲಿ ಡೀಸೆಲ್ ಹಾಯುವ ಈಗಿನ ಕಾಮನ್ ರೈಲ್ ಗಾಡಿಗಳಲ್ಲಿ ಓಡುತ್ತಿರುವ ಎಂಜಿನ್ನಿನ ಪೈಪ್ ಯಾರೂ ಮುಟ್ಟಬೇಡಿ. ಆ ಒತ್ತಡದಲ್ಲಿ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಬೆರಳನ್ನೇ ಕತ್ತರಿಸಬೇಕಾದೀತು.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಟ್ಯಾಪೆಟ್ ಕವರ್ ತೆಗೆದೆವು. ಮುಂದಿನ ರಾಕರ್‌ಗಳ ಮೇಲೆ ಹೊಸ ಎಣ್ಣೆ ಹೊಳೆಯುತ್ತಿತ್ತು. ಹಿಂದಿನವು ಬೂದಿ ಬಳಿದಂತೆ ಒಣಗಿದ್ದವು. ಎಣ್ಣೆ ಏರುವ ತೂತಿಗೆ ಕೆಸರು ಕಟ್ಟಿತ್ತು. ಕ್ರ್ಯಾಂಕ್ ತಿರುಗಿಸುತ್ತ ಟ್ಯಾಪೆಟ್ ಅಳೆದೆವು. ಆರು ಸಿಲಿಂಡರಿನಲ್ಲಿ ಒಂದಕ್ಕೆ ಆರು, ಐದಕ್ಕೆ ಎರಡು, ಮೂರಕ್ಕೆ ನಾಲ್ಕು ಜೋಡಿ. ಜೋಡಿಯಲ್ಲಿ ಒಂದು ಸಿಲಿಂಡರಿನ ಎರಡೂ ವಾಲ್ವುಗಳು ಏರಿಳಿವಿನ ನಡುವೆ ಅಲುಗಾಡುವಾಗ ಇನ್ನೊಂದರದನ್ನು ಅಳೆಯಬೇಕು. ಐದನೆಯದರ ಎಕ್ಸಾಸ್ಟ್ ವಾಲ್ವಿಗೆ ಸಂದು ಅಳೆಯುವ ಫೀಲರ್ ಗೇಜ್ ತೂರಿಸಿದರೆ ಅಳತೆ ಸರಿಯಾಗಿಯೇ ಇತ್ತು! ಎಳೆದರೆ ಬಿಗಿಯಾಗಿಯೇ ಬರುತ್ತಿತ್ತು. ನನ್ನ ಹತ್ತಿರ ಕೆಲಸ ಕಲಿಯುವ ಹುಡುಗ, “ಇಲ್ಲೇನೂ ಇಲ್ಲ ಕಾಕಾ” ಎಂದು ಮುಂದಕ್ಕೆ ಹೊರಟ.

ರಾಕರ್ ಬಿಚ್ಚಿ ಅದರ ಮೂತಿಯ ಮೇಲೆ ಉಗುರು ಎಳೆದು ನೋಡು ಎಂದೆ. ಉಗುರು ತಡೆಯಿತು. ವಾಲ್ವಿನ ತುದಿ ಬಡಿದು ಬಡಿದು ಅಲ್ಲಿ ಸಣ್ಣ ಗುಳಿ ಬಿದ್ದಿತ್ತು. ಗೇಜಿನ ಚಪ್ಪಟೆ ಪಟ್ಟಿ ಆ ಗುಳಿಯ ಎರಡು ದಂಡೆಗಳ ಮೇಲೆ ಸೇತುವೆಯ ಹಾಗೆ ಕೂರುತ್ತದೆ, ಗುಳಿಯೊಳಕ್ಕೆ ಇಳಿಯುವುದಿಲ್ಲ. ಗೇಜ್ ಬಿಗಿ ಎನ್ನುತ್ತದೆ, ಒಳಗೆ ಮಾತ್ರ ಸಂದು ಹೆಚ್ಚಿರುತ್ತದೆ. ಆ ಸಂದಿನಲ್ಲಿ ರಾಕರ್ ಸೆಕೆಂಡಿಗೆ ಐದು ಸಲ ಬಂದು ಬಡಿಯುತ್ತಿತ್ತು. ಆರು ವರ್ಷದ ಹಿಂದೆ ಅಗಸೆ ಬಾಗಿಲಿನಲ್ಲಿ ಕೇಳಿಸುತ್ತಿದ್ದ ಸದ್ದು ಅದೇ. ರಾಕರನ್ನು ಕೆಳಗಿನಿಂದ ತಳ್ಳುವ ಪುಶ್ ರಾಡನ್ನು ಗಾಜಿನ ಮೇಲೆ ಉರುಳಿಸಿ ನೋಡಿದೆವು, ಬಾಗಿರಲಿಲ್ಲ. ನಿಂತ ಗಾಡಿಯಲ್ಲಿ ವಾಲ್ವ್ ತುಕ್ಕಿಗೆ ಹಿಡಿದುಕೊಂಡಿದ್ದರೆ ರಾಡ್ ಬಾಗುವುದುಂಟು, ಅದನ್ನು ನೋಡದೆ ಮುಚ್ಚಬಾರದು. ತೂತು ತಂತಿಯಿಂದ ಬಿಡಿಸಿ ಡೀಸೆಲಿನಲ್ಲಿ ತೊಳೆದೆವು. ಬಳ್ಳಾರಿಯಿಂದ ಒಂದು ಒಳ್ಳೆಯ ರಾಕರ್ ತರಿಸಿದೆವು. ಮ್ಯಾನಿಫೋಲ್ಡಿಗೆ, ಕವರಿಗೆ ಹೊಸ ಗ್ಯಾಸ್ಕೆಟ್ ಹಾಕಿದೆವು. ಆಯಿಲ್, ಫಿಲ್ಟರ್, ನನ್ನ ಕೂಲಿ ಎಲ್ಲ ಸೇರಿ 11,400 ರೂಪಾಯಿ. ಒತ್ತೆಗೆ ಹೋಗಬೇಕಿದ್ದ ಎಕರೆಯಲ್ಲಿ ಈಗ ಭತ್ತ ಕಾಳುಗಟ್ಟುತ್ತಿದೆ.

ಇದನ್ನು ಓದಿ, ಟಕ್ ಎಂದರೆಲ್ಲ ಟ್ಯಾಪೆಟ್ಟೇ ಎಂದು ಯಾರೂ ಧೈರ್ಯ ತಂದುಕೊಳ್ಳಬಾರದು. ಆ ತಪ್ಪನ್ನು ನಾನೇ ಮಾಡಿದ್ದೇನೆ. 2009ರಲ್ಲಿ ನಾನು ಹೊಸಪೇಟೆಯಲ್ಲಿ ದುಡಿಯುತ್ತಿದ್ದೆ. ಬೇಲೆಕೇರಿ ಬಂದರಿಗೆ ಅದಿರು ಹೊತ್ತ ಲಾರಿಗಳು ಹಗಲೂ ರಾತ್ರಿ ಸಾಲು ಹಿಡಿದಿದ್ದ ದಿನಗಳು. ಒಬ್ಬ ಡ್ರೈವರ್ ಲೋಡ್ ಗಾಡಿ ತಂದು ಸದ್ದು ಬರುತ್ತಿದೆ ಎಂದ. ಟ್ಯಾಪೆಟ್ ಸೆಟ್ ಮಾಡಿದೆ. ಸದ್ದು ಸ್ವಲ್ಪ ತಗ್ಗಿದ ಹಾಗೆ ಕಂಡಿತು, ಹೋಗು ಎಂದೆ. ಆಕ್ಸಿಲರೇಟರ್ ಒತ್ತಿದಾಗ ಸದ್ದು ದಪ್ಪವಾಗುತ್ತದೆಯೇ, ಕಾಲು ತೆಗೆದ ಕ್ಷಣ ಗಡಗಡ ಎನ್ನುತ್ತದೆಯೇ ಎಂದು ಕೇಳಿಸಿಕೊಳ್ಳಲಿಲ್ಲ. ಬಿಸಿ ಎಂಜಿನ್ನಿನಲ್ಲಿ ಆಯಿಲ್ ಗೇಜಿನ ಮುಳ್ಳು ನೆಲ ಕಚ್ಚಿದೆಯೇ ಎಂದು ನೋಡಲಿಲ್ಲ. ಚೇಂಬರಿನ ಎಣ್ಣೆಯನ್ನೂ ಬಟ್ಟೆಯ ಮೇಲೆ ಹಿಡಿಯಲಿಲ್ಲ. ಯಲ್ಲಾಪುರ ತಲುಪುವ ಮೊದಲೇ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕಿನ ಗೋಡೆ ಒಡೆದು ಹೊರಗೆ ಬಂತು. ಮುಂದೆ ಅರಬೈಲು ಘಾಟಿಯ ಇಳಿಜಾರಿತ್ತು. ಅಲ್ಲಿ ಮುರಿದಿದ್ದರೆ ಏನಾಗುತ್ತಿತ್ತು ಎಂದು ಇವತ್ತಿಗೂ ನೆನೆಯಲಾರೆ. ಡ್ರೈವರ್ ಉಳಿದ, ಎಂಜಿನ್ ಉಳಿಯಲಿಲ್ಲ, ಆ ಮಾಲೀಕರು ಆ ವರ್ಷವೇ ಗಾಡಿ ಮಾರಿದರು. ಅಂದಿನಿಂದ ಎಷ್ಟೇ ಅವಸರವಿರಲಿ, ಎಣ್ಣೆ ನೋಡದೆ ನಾನು ಸದ್ದಿನ ಬಗ್ಗೆ ಬಾಯಿ ಬಿಡುವುದಿಲ್ಲ.

ಈಗ ಇನ್ನೊಂದು ಹೊಸ ತೊಂದರೆ. ಹದಿನೈದು ಸೆಕೆಂಡ್ ಸದ್ದನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸ್ಆ್ಯಪ್ ಮಾಡಿ, “ಇದು ಏನು ಹೇಳಿ” ಎಂದು ಕೇಳುತ್ತಾರೆ. ಮೊಬೈಲ್ ತೆಳುವಾದ ಟಿಕ್ಕನ್ನು ಚೆನ್ನಾಗಿ ಹಿಡಿಯುತ್ತದೆ, ಬೇರಿಂಗಿನ ದಪ್ಪ ಸದ್ದನ್ನು ನುಂಗಿಬಿಡುತ್ತದೆ. ಹಾಗಾಗಿ ಮೊಬೈಲಿನಲ್ಲಿ ಕೆಟ್ಟ ಎಂಜಿನ್ನೂ ಬರೀ ಟ್ಯಾಪೆಟ್ಟಿನ ಹಾಗೆ ಕೇಳಿಸುತ್ತದೆ. ಅದನ್ನು ನಂಬಿ ಲೋಡ್ ತುಂಬಬೇಡಿ. ಗಾಡಿಯನ್ನೇ ತನ್ನಿ, ಸಾಧ್ಯವಾದರೆ ಎಳೆದು ತನ್ನಿ.

ಮಾಲೀಕರಿಗೆ ನನ್ನ ಬೇಡಿಕೆ ಒಂದೇ. ಫುಲ್ ಎಂಜಿನ್ ಎಂದು ಯಾರೇ ಹೇಳಲಿ, ಆಯಿಲ್ ಪ್ರೆಷರ್ ಎಷ್ಟಿದೆ ತೋರಿಸಿ, ಫಿಲ್ಟರ್ ಕೊಯ್ದು ತೋರಿಸಿ, ಟ್ಯಾಪೆಟ್ ಕವರ್ ತೆಗೆದು ತೋರಿಸಿ ಎಂದು ಎದುರಿಗೆ ನಿಂತು ಕೇಳಿ. ಅರ್ಧ ದಿನದ ಕೆಲಸ ಅದು. ಒಳ್ಳೆಯ ಮಿಸ್ತ್ರಿಗೆ ಇದರಿಂದ ಬೇಸರವಾಗುವುದಿಲ್ಲ.

ಐಟಿಐ ನಡೆಸುವವರಿಗೂ ಒಂದು ಮಾತು. ಡೀಸೆಲ್ ಮೆಕ್ಯಾನಿಕ್ ಕಲಿಕೆ ಒಂದು ವರ್ಷದ್ದು. ಅಲ್ಲಿಂದ ನನ್ನ ಹತ್ತಿರ ಬರುವ ಹುಡುಗರು ಬುದ್ಧಿವಂತರು, ನಾಲ್ಕು ಸ್ಟ್ರೋಕುಗಳನ್ನು ತಪ್ಪಿಲ್ಲದೆ ಹೇಳುತ್ತಾರೆ, ಫೈರಿಂಗ್ ಆರ್ಡರ್ ಬರೆದು ತೋರಿಸುತ್ತಾರೆ. ಸಡಿಲ ಟ್ಯಾಪೆಟ್ ಹೇಗೆ ಕೇಳಿಸುತ್ತದೆ ಎಂದರೆ ಮುಖ ನೋಡುತ್ತಾರೆ. ಅದು ಅವರ ತಪ್ಪಲ್ಲ, ಕೇಳಿಸಿದವರಿಲ್ಲ. ಪ್ರತಿ ಐಟಿಐಯಲ್ಲಿ ಒಂದು ಹಳೆಯ ಎಂಜಿನ್ ಸ್ಟ್ಯಾಂಡಿನ ಮೇಲೆ ಓಡುತ್ತಿರಲಿ. ಒಂದು ದಿನ ಒಂದು ಟ್ಯಾಪೆಟ್ ಬೇಕೆಂದೇ ಸಡಿಲಿಸಲಿ, ಇನ್ನೊಂದು ದಿನ ಮ್ಯಾನಿಫೋಲ್ಡಿನ ನಟ್ ಬಿಡಲಿ, ಮತ್ತೊಂದು ದಿನ ಕೆಟ್ಟ ನಾಜಲ್ ಹಾಕಲಿ. ಹುಡುಗರು ಸರಳು ಹಿಡಿದು ಹುಡುಕಲಿ. ಎಂಜಿನ್ನುಗಳ ಮಧ್ಯೆ ಮೂವತ್ತು ವರ್ಷ ಕಳೆದು ನನ್ನ ಎಡಗಿವಿ ಮಂದವಾಗುತ್ತಿದೆ. ಬಲಗಿವಿ ಚುರುಕಾಗಿರುವಾಗಲೇ ನಾಲ್ಕು ಜನರಿಗೆ ಇದನ್ನು ದಾಟಿಸಬೇಕೆಂಬ ಆಸೆ ನನಗಿದೆ.

ಆ 1613 ಗಾಡಿ ಈಗ ಸಿಂಧನೂರಿಗೆ ಎರಡು ಲೋಡ್ ಹೊಡೆದಿದೆ. ಹೊಸ ರಾಕರ್ ಹಾಕಿದ ಮೇಲೆ ಸ್ವಲ್ಪ ಓಡಿಸಿ ಇನ್ನೊಮ್ಮೆ ಅಳತೆ ನೋಡಲೇಬೇಕು. ಈ ಪತ್ರ ಪ್ರಕಟವಾದ ನಂತರದ ಮೊದಲ ಭಾನುವಾರ ಅದರ ಟ್ಯಾಪೆಟ್ ಕವರ್ ಮತ್ತೆ ತೆಗೆಯುತ್ತೇನೆ. ಗಾಡಿ ಶನಿವಾರ ಸಂಜೆಯೇ ಬಂದು ಶೆಡ್ಡಿನಲ್ಲಿ ನಿಲ್ಲುತ್ತದೆ. ಕಲಿಯುವ ಆಸೆಯಿರುವ ಹುಡುಗರು ಬರಬಹುದು, ಹಳೆಯ ಗುಳಿ ಬಿದ್ದ ರಾಕರನ್ನು ಎತ್ತಿಟ್ಟಿದ್ದೇನೆ, ಉಗುರು ಎಳೆದು ನೋಡಬಹುದು. ಬೆಳಿಗ್ಗೆ ಆರೂವರೆಯೊಳಗೆ ಬನ್ನಿ, ಎಂಜಿನ್ ತಣ್ಣಗಿರುವಾಗಲೇ ಮೊದಲ ಸದ್ದು ಕೇಳಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಲಾರಿ ಮೆಕ್ಯಾನಿಕ್,
ಕಂಪ್ಲಿ ರಸ್ತೆ, ಗಂಗಾವತಿ, ಕೊಪ್ಪಳ ಜಿಲ್ಲೆ